ಮಂಗಳದ ಮರುದಿನ



ಬಹುಕಾಲ ಕೇಳಿಕೊಂಡು ಬಂದ ಕಥೆಯೊಂದು ಮುಗಿದ ಮರುದಿನ ಮನೆಯೆಲ್ಲ ಬಿಕೋ ಎನ್ನುವ ಅನುಭವ ನಿಮಗೂ ಆಗಿರಬೇಕು. ವಾರವಾರವೂ ಕಾದು ಕೇಳಿದ ಬಾನುಲಿ ನಾಟಕವಿರಲಿ, ತಿಂಗಳುಗಟ್ಟಲೆ ಓದಿದ ಧಾರಾವಾಹಿ ಕಾದಂಬರಿಯಿರಲಿ, ವರ್ಷಗಟ್ಟಲೆ ನೋಡಿದ ದೂರದರ್ಶನದ ಕಥೆಯಿರಲಿ, ಕೊನೆಯ ಕಂತು ಮುಗಿಯಿತೆಂದರೆ ಹಬ್ಬಕ್ಕೆ ಬಂದ ನೆಂಟರು ಗಾಡಿ ಹತ್ತಿ ಹೋದಂತಾಗುತ್ತದೆ. ‘ಕಟ್ಟುಕಥೆಗೆ ಇಷ್ಟೊಂದು ಕೊರಗೆ?’ ಎಂದು ಮನೆಯವರು ನಗುವುದೂ ಉಂಟು. ನಗುವವರು ನಗಲಿ. ಈ ಕೊರಗು ಇಂದು ನಿನ್ನೆಯದಲ್ಲ. ಅದಕ್ಕೂ ಒಂದು ಚರಿತ್ರೆಯಿದೆ, ಮತ್ತು ಆ ಚರಿತ್ರೆಯಲ್ಲಿ ನಾವು ಕಲಿಯತಕ್ಕದ್ದೂ ಇದೆ.

ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನು ‘ಕಾದಂಬರಿ’ಯನ್ನು ಬರೆಯುತ್ತಿರುವಾಗಲೇ ಕಾಲವಶನಾದನು. ಚಂದ್ರಾಪೀಡನೂ ಕಾದಂಬರಿಯೂ ಅಗಲಿದ್ದಾರೆ. ಪತ್ರಲೇಖೆ ಬಂದು ಕಾದಂಬರಿಯ ವಿರಹವನ್ನು ರಾಜಕುಮಾರನಿಗೆ ನಿವೇದಿಸುತ್ತಿದ್ದಾಳೆ. ಲೇಖನಿ ಅಲ್ಲಿಗೆ ನಿಂತಿತು. ಕಥೆಯನ್ನು ಪೂರ್ಣಗೊಳಿಸಿದವನು ಬಾಣನ ಮಗ ಭೂಷಣಭಟ್ಟ. ಅವನು ತನ್ನ ಭಾಗದ ಮೊದಲಲ್ಲಿ ಒಂದು ವಿನಯದ ಮಾತನ್ನು ಹೇಳಿಕೊಂಡಿದ್ದಾನೆ: ತಂದೆ ತೀರಿಕೊಂಡಾಗ ಕಥೆಯೂ ಕಡಿದುಹೋಯಿತು, ಅದರಿಂದ ಸಜ್ಜನರಿಗೆ ಉಂಟಾದ ದುಃಖವನ್ನು ನೋಡಲಾರದೆ ತೊಡಗಿದ್ದೇನೆಯೇ ಹೊರತು ಕವಿಯೆಂಬ ಗರ್ವದಿಂದಲ್ಲ ಎಂಬುದು ಅದರ ತಾತ್ಪರ್ಯ. ನೋಡಿ, ಮಗನ ಮನೆಯಲ್ಲಿ ಸಾವಾಗಿದೆ. ಊರವರು ಬಾಣನಿಗಾಗಿ ಅಳುವುದರ ಜೊತೆಗೆ ಕಾದಂಬರಿಗಾಗಿಯೂ ಅಳುತ್ತಿದ್ದಾರೆ! ಮಗನು ಅದನ್ನು ತಪ್ಪೆಂದು ಎಣಿಸಲಿಲ್ಲ. ಆ ದುಃಖವನ್ನೇ ತನ್ನ ಕಾವ್ಯಕ್ಕೆ ಕಾರಣವಾಗಿ ಕೊಟ್ಟನು. ಹತ್ತನೆಯ ಶತಮಾನದ ಕೊನೆಯ ವೇಳೆಗೆ ನಾಗವರ್ಮನು ತಂದೆಮಕ್ಕಳ ಆ ಕಥೆಯನ್ನು ಚಂಪುವಾಗಿ ಕನ್ನಡಕ್ಕೆ ತಂದನು. ಮುಂದೆ ಬಹುಕಾಲದ ಮೇಲೆ ಇಂಗ್ಲಿಷಿನ ಮಾದರಿಯ ದೀರ್ಘ ಕಥೆ ನಮ್ಮಲ್ಲಿಗೆ ಬಂದಾಗ ನಾವು ಅದಕ್ಕೆ ಇಟ್ಟುಕೊಂಡ ಹೆಸರೂ ಕಾದಂಬರಿ ಎಂದೇ. ಕರ್ತೃವಿನ ಕೈಯಲ್ಲಿ ಮುಗಿಯದ ಒಂದು ಕಥೆಯ ಹೆಸರು ಒಂದು ಸಾಹಿತ್ಯಪ್ರಕಾರಕ್ಕೇ ನಿಂತಿತು.

ನಮ್ಮ ಗದುಗಿನ ಭಾರತದ ವಿಷಯವೂ ಇಂಥದೇ. ಕುಮಾರವ್ಯಾಸನು ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಮಾತ್ರ ಹಾಡಿದನು. ಗದಾಪರ್ವದ ಕೊನೆಯಲ್ಲಿ ಧರ್ಮರಾಯನಿಗೆ ಪಟ್ಟವಾಗುವುದರೊಡನೆ ಅವನ ಕಾವ್ಯ ನಿಲ್ಲುತ್ತದೆ. ಕವಿಗೆ ಅಲ್ಲಿಗೆ ತೃಪ್ತಿಯಾಗಿದ್ದೀತು, ಕೇಳುವವರಿಗೆ ಆಗಲಿಲ್ಲ. ಕೃಷ್ಣದೇವರಾಯನು (1509-1529) ವಿಜಯನಗರವನ್ನು ಆಳುತ್ತಿದ್ದಾಗ, ಅವನ ಆಜ್ಞೆಯಂತೆ ತಿಮ್ಮಣ್ಣಕವಿ ಉಳಿದ ಪರ್ವಗಳನ್ನು ಅದೇ ಭಾಮಿನಿ ಷಟ್ಪದಿಯಲ್ಲಿ ಬರೆದು ಪೂರೈಸಿದನು. ದಕ್ಷಿಣಾಪಥವನ್ನೇ ಗೆದ್ದ ಅರಸನೂ ‘ಮುಂದೇನಾಯಿತು?’ ಎಂದು ಕೇಳುವ ಶ್ರೋತೃಗಳಲ್ಲಿ ಒಬ್ಬನೇ ಆಗಿದ್ದನು.

ಆದರೆ ಹಳ್ಳಿಗಳಲ್ಲಿ ಭಾರತವನ್ನು ಓದಿಸುತ್ತಿದ್ದ ನಮ್ಮ ಹಿರಿಯರು ಈ ಕೊರಗಿಗೆ ಕಂಡುಕೊಂಡಿದ್ದ ಉಪಾಯ ಬೇರೆ. ಅವರು ಕಥೆಯನ್ನು ಬೆಳೆಸಲು ಹೋಗಲಿಲ್ಲ. ಮುಗಿಸುವುದಕ್ಕೇ ಒಂದು ಕ್ರಮವನ್ನು ಮಾಡಿದರು. ಗುಡಿಯ ಜಗಲಿಯಲ್ಲಿ ವ್ಯಾಸಪೀಠ, ಓದುವವರೊಬ್ಬರು, ಅರ್ಥ ಹೇಳುವವರೊಬ್ಬರು, ಸುತ್ತ ಊರಿನ ಜನ; ಹೀಗೆ ಎಷ್ಟೋ ರಾತ್ರಿ ಓದು ಸಾಗಿ, ಕೊನೆಯ ದಿನ ಮಂಗಳವಾಗುತ್ತಿತ್ತು. ಪುಸ್ತಕಕ್ಕೆ ಪೂಜೆ, ಆರತಿ, ಓದಿದವರಿಗೆ ಶಾಲು ತಾಂಬೂಲ, ಎಲ್ಲರಿಗೂ ಪಾನಕ ಕೋಸಂಬರಿ. ನನ್ನ ಬಾಲ್ಯದಲ್ಲಿ ನಮ್ಮೂರಿನ ಓದು ಮುಗಿದ ರಾತ್ರಿ ಅರ್ಥ ಹೇಳುತ್ತಿದ್ದ ಹಿರಿಯರು ಪುಸ್ತಕವನ್ನು ಕಟ್ಟುವ ಮೊದಲು ಆದಿಪರ್ವವನ್ನು ತೆರೆದು ಪೀಠಿಕೆಯ ಮೊದಲ ಪದ್ಯವನ್ನು ಮತ್ತೊಮ್ಮೆ ಓದಿಸಿದರು. ‘ಇದೇಕೆ ಅಜ್ಜ?’ ಎಂದು ಕೇಳಿದೆ. ‘ಕಥೆ ಮುಗಿಯಿತು ಅಂತ ಯಾರೂ ಮನೆಗೆ ಹೋಗಬಾರದು ಮಗು’ ಎಂದರು. ಮುಂಗಾರು ಕೈಕೊಟ್ಟ ವರ್ಷ ಮಳೆಗಾಗಿ ವಿರಾಟಪರ್ವವನ್ನು ಓದಿಸುವ ಪದ್ಧತಿ ನಮ್ಮ ನಾಡಿನಲ್ಲಿ ಇರುವುದು ನಿಮಗೆ ತಿಳಿದೇ ಇದೆ. ಹೀಗೆ ಅದು ಒಮ್ಮೆ ಕೇಳಿ ಮುಗಿಸುವ ಕಥೆಯಾಗಿರಲಿಲ್ಲ. ಊರಿಗೆ ಬೇಕಾದಾಗ ಹಿಂದಿರುಗಿ ಬರುವ ಕಥೆಯಾಗಿತ್ತು.

ಮುದ್ರಣಯಂತ್ರ ಬಂದ ಮೇಲೆ ಈ ವ್ಯವಸ್ಥೆ ಬದಲಾಯಿತು. ಕಥೆ ಜಗಲಿಯನ್ನು ಬಿಟ್ಟು ಪತ್ರಿಕೆಯ ಪುಟಕ್ಕೆ ಹೋಯಿತು. ಸಾವಿರಾರು ಜನ ಒಂದೇ ಕಥೆಯನ್ನು ಓದುವರು, ಆದರೆ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯಲ್ಲಿ. ಆ ಕಥೆ ನಿಂತಾಗ ಆರತಿಯೂ ಇಲ್ಲ, ಪಾನಕವೂ ಇಲ್ಲ. ಇದರ ಫಲವೇನೆಂಬುದನ್ನು ತಿಳಿಯಲು ಲಂಡನ್ ನಗರದ ಕಡೆಗೆ ನೋಡಬೇಕು. ಅಲ್ಲಿನ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ 1891ರಿಂದ ಆರ್ಥರ್ ಕಾನನ್ ಡಾಯ್ಲ್ ಎಂಬ ವೈದ್ಯರು ಷರ್ಲಾಕ್ ಹೋಮ್ಸ್ ಎಂಬ ಪತ್ತೇದಾರನ ಕಥೆಗಳನ್ನು ಬರೆಯುತ್ತಿದ್ದರು. ಚಾರಿತ್ರಿಕ ಕಾದಂಬರಿಗಳೇ ತಮ್ಮ ನಿಜವಾದ ಕೆಲಸವೆಂದು ನಂಬಿದ್ದ ಅವರಿಗೆ ಈ ಪತ್ತೇದಾರ ಹೊರೆಯಾದನು. ಅವನನ್ನು ಕೊಲ್ಲುವೆನೆಂದಾಗ ಮೊದಲು ವಿರೋಧಿಸಿದವರು ಅವರ ತಾಯಿಯೇ. ತಾಯಿಯ ಮಾತಿನಿಂದ ಎರಡು ವರ್ಷ ಆಯುಸ್ಸು ಪಡೆದ ಹೋಮ್ಸ್, 1893ನೆಯ ಡಿಸೆಂಬರಿನ ಸಂಚಿಕೆಯಲ್ಲಿ ಸ್ವಿಟ್ಜರ್ಲೆಂಡಿನ ರೈಶೆನ್‌ಬಾಖ್ ಜಲಪಾತದಲ್ಲಿ ಬಿದ್ದು ಸತ್ತನೆಂದು ಅಚ್ಚಾಯಿತು. ಓದುಗರು ಸಿಟ್ಟಿಗೆದ್ದರು, ಬೈಗುಳದ ಪತ್ರಗಳು ಬಂದವು, ಇಪ್ಪತ್ತು ಸಾವಿರ ಮಂದಿ ಚಂದಾ ನಿಲ್ಲಿಸಿದರೆಂದು ಹೇಳುವುದುಂಟು. 1901ರಲ್ಲಿ ಡಾಯ್ಲ್ ಸಾವಿಗಿಂತ ಹಿಂದಿನದೆಂದು ಒಂದು ಕಥೆಯನ್ನು ಕೊಟ್ಟು ನೋಡಿದರು. ಜನಕ್ಕೆ ಅದು ಸಾಲಲಿಲ್ಲ. 1903ರಲ್ಲಿ, ಹೋಮ್ಸ್ ಸತ್ತೇ ಇರಲಿಲ್ಲವೆಂದು ಬರೆದು ಅವನನ್ನು ಬದುಕಿಸಬೇಕಾಯಿತು.

ಒಟ್ಟಿಗೆ ಕುಳಿತು ಬೀಳ್ಕೊಡುವ ಅವಕಾಶವಿಲ್ಲದೆ ಹೋದಾಗ ದುಃಖವು ಕೋಪವಾಗುತ್ತದೆ ಎಂಬುದಕ್ಕೆ ಇದೊಂದು ನಿದರ್ಶನವೆಂದು ನನಗೆ ತೋರುತ್ತದೆ.

ಚದುರಿದ್ದ ಆ ಕೂಟ ನಮ್ಮ ದೇಶದಲ್ಲಿ ಮತ್ತೊಮ್ಮೆ ಸೇರಿದ್ದು ದೂರದರ್ಶನದ ಮುಂದೆ. 1987ನೆಯ ಜನವರಿ 25ರಿಂದ 1988ನೆಯ ಜುಲೈ 31ರವರೆಗೆ ಭಾನುವಾರದ ಬೆಳಿಗ್ಗೆ ರಾಮಾನಂದ ಸಾಗರರ ರಾಮಾಯಣ ಪ್ರಸಾರವಾಗುತ್ತಿತ್ತು. ನಮ್ಮ ಬೀದಿಗೆಲ್ಲ ಇದ್ದುದು ಒಂದೇ ಪೆಟ್ಟಿಗೆ. ಆ ಮನೆಯ ಹೊಸಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಚಾಪೆಯ ಮೇಲೆ ಹೆಂಗಸರು ಮಕ್ಕಳು, ಕಿಟಕಿಯಲ್ಲಿ ನಮ್ಮಂಥ ಹುಡುಗರು. ಹಿಂದಿ ಬಾರದವರಿಗೆ ಕಥೆ ಮೊದಲೇ ಗೊತ್ತಿದ್ದುದರಿಂದ ತೊಡಕಾಗಲಿಲ್ಲ. ಪಟ್ಟಾಭಿಷೇಕವಾಗಿ ಎಲ್ಲ ಮುಗಿದ ಮುಂದಿನ ಭಾನುವಾರ, ಇನ್ನಿಲ್ಲವೆಂದು ತಿಳಿದಿದ್ದೂ ಮೂರು ನಾಲ್ಕು ಮಂದಿ ಮುದುಕಿಯರು ಅದೇ ಹೊತ್ತಿಗೆ ಬಂದು ಆ ಚಾಪೆಯ ಮೇಲೆ ಕುಳಿತರು. ಮನೆಯಾಕೆ ಏನನ್ನೂ ಕೇಳದೆ ಕಾಫಿ ಕೊಟ್ಟರು. ಅಂದು ನನಗೆ ಅರ್ಥವಾಯಿತು: ಅವರಿಗೆ ಬೇಕಾಗಿದ್ದುದು ಕಥೆಯಷ್ಟೇ ಅಲ್ಲ, ಆ ಹೊತ್ತು, ಆ ಕೂಟ.

ಅದೇ ವರ್ಷ ಉತ್ತರ ಭಾರತದಲ್ಲಿ ಇದಕ್ಕಿಂತ ಗಂಭೀರವಾದ ಸಂಗತಿ ನಡೆಯಿತು. ಕಥೆ ಪಟ್ಟಾಭಿಷೇಕಕ್ಕೇ ನಿಲ್ಲುವುದೆಂದು ತಿಳಿದಾಗ ಜಲಂಧರ ಮೊದಲಾದ ಊರುಗಳ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು. ಅವರು ವಾಲ್ಮೀಕಿ ಮಹರ್ಷಿಯನ್ನು ತಮ್ಮ ಮೂಲಪುರುಷನೆಂದು ಪೂಜಿಸುವ ಜನ. ಸೀತೆಗೆ ಆಶ್ರಯವಿತ್ತು ಲವಕುಶರನ್ನು ಬೆಳೆಸಿದ ಆ ಮಹರ್ಷಿ ಕಥೆಯೊಳಗೆ ಪಾತ್ರವಾಗಿ ಬರುವುದು ಉತ್ತರಕಾಂಡದಲ್ಲಿ. ಅಲ್ಲಿಗೆ ಬರುವ ಮೊದಲೇ ಮಂಗಳ ಹಾಡಿದರೆ ಅವರ ಪಾಲಿಗೆ ಕಥೆ ಮುಗಿದಂತಲ್ಲ, ಅವರನ್ನು ಹೊರಗಿಟ್ಟಂತೆ. ಕೊಳೆಯ ರಾಶಿ ಬೆಳೆಯಿತು, ಸರ್ಕಾರ ಒಪ್ಪಿತು, ಆ ವರ್ಷವೇ ಲವಕುಶರ ಕಥೆ ತೆರೆಗೆ ಬಂದಿತು. ಇದನ್ನು ನೋಡುವ ಚಪಲವೆಂದು ಹಾಸ್ಯ ಮಾಡಿದವರು ಉಂಟು. ನಾನು ಹಾಗೆ ತಿಳಿಯಲಾರೆ. ಒಂದು ಕಥೆಯನ್ನು ಎಲ್ಲಿ ನಿಲ್ಲಿಸುತ್ತೇವೆ ಎಂಬುದರಲ್ಲಿ ಯಾರನ್ನು ಒಳಗೆ ಕೂರಿಸುತ್ತೇವೆ ಎಂಬ ಪ್ರಶ್ನೆಯೂ ಇದೆ. ಅದನ್ನು ನಮಗೆ ಕಲಿಸಿದವರು ಬೀದಿ ಗುಡಿಸುವವರು.

ಅದೇ ಉತ್ತರಕಾಂಡದಲ್ಲಿ ಲವಕುಶರು ಶ್ರೀರಾಮನ ಯಜ್ಞಶಾಲೆಗೆ ಬಂದು, ರಾಮನ ಕಥೆಯನ್ನು ರಾಮನಿಗೇ ಮೊದಲಿನಿಂದ ಹಾಡಿ ಕೇಳಿಸುತ್ತಾರೆ. ಕಥೆ ಮುಗಿಯುವ ಹೊತ್ತಿಗೆ, ಕಥೆಯ ಒಳಗೇ ಮತ್ತೆ ಆರಂಭವಾಗುತ್ತದೆ. ಪುಸ್ತಕ ಕಟ್ಟುವ ಮೊದಲು ಪೀಠಿಕೆಯನ್ನು ಓದಿಸಿದ ನಮ್ಮೂರ ಅಜ್ಜನವರ ಪದ್ಧತಿಗೆ ಇದಕ್ಕಿಂತ ದೊಡ್ಡ ಆಧಾರ ಬೇಕೆ?

ಆದುದರಿಂದ, ವಾಚಕರೆ, ಮೆಚ್ಚಿದ ಕಥೆಯೊಂದು ಮುಗಿದಾಗ ನಿಮಗೆ ಬೇಸರವಾದರೆ ನಾಚಬೇಡಿ. ಭೂಷಣಭಟ್ಟನು ಸಜ್ಜನರ ದುಃಖವೆಂದು ಕರೆದದ್ದು ಅದನ್ನೇ. ಕಥೆಯನ್ನು ಇನ್ನೂ ಎಳೆಯಿರೆಂದು ಬರೆದವರನ್ನು ಪೀಡಿಸಲೂಬೇಡಿ. ಜೊತೆಗೆ ಕೇಳಿದವರನ್ನು ಒಂದು ಸಂಜೆ ಕರೆದು ಕೂರಿಸಿಕೊಂಡು ಆ ಮಾತನ್ನೇ ಆಡಿ, ಅದೇ ಮಂಗಳ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ದೂರದರ್ಶನವು ಆ ಹಳೆಯ ರಾಮಾಯಣವನ್ನು ಮರಳಿ ಪ್ರಸಾರಮಾಡಿತು. ಅಂದು ಕಿಟಕಿಯಲ್ಲಿ ನಿಂತು ನೋಡಿದ್ದ ನಾನು ಈಗ ಕುರ್ಚಿಯಲ್ಲಿ ಕುಳಿತಿದ್ದೆ. ಪಕ್ಕದಲ್ಲಿದ್ದ ಅಣ್ಣನ ಮೊಮ್ಮಗಳು ‘ಆಮೇಲೆ ಏನಾಗುತ್ತೆ ತಾತ?’ ಎಂದು ಕೇಳಿದಳು. ನಾನು ಹೇಳಲಿಲ್ಲ. ಅವಳಿಗೆ ಕಥೆ ಈಗತಾನೆ ಆರಂಭವಾಗಿತ್ತು.