ಗೂಢವಿದ್ಯೆಯೂ ಲೋಕವಿದ್ಯೆಯೂ: ಗೋ ಆಟದ ಚರಿತ್ರೆ

ವಿದ್ಯೆಯು ಬಚ್ಚಿಟ್ಟರೆ ಉಳಿಯುವುದೋ, ಹಂಚಿದರೆ ಉಳಿಯುವುದೋ ಎಂಬ ಪ್ರಶ್ನೆಯು ಬಹು ಹಳೆಯದು. ಗುರುಮುಖದಿಂದಲೇ ಶಾಸ್ತ್ರವನ್ನು ಕಲಿತ ನನ್ನಂಥವನಿಗೆ ಇದಕ್ಕೆ ಉತ್ತರ ಹೇಳುವುದು ಸುಲಭವಲ್ಲ. ಪೂರ್ವದೇಶದ ಒಂದು ಆಟದ ಚರಿತ್ರೆಯು ಈ ವಿಷಯದಲ್ಲಿ ವಿಚಾರಾರ್ಹವಾಗಿ ತೋರಿದುದರಿಂದ ಅದನ್ನು ವಾಚಕರ ಮುಂದಿಡುತ್ತೇನೆ.

ಗೋ ಎಂಬ ಈ ಆಟವು ಚೀನದಲ್ಲಿ ಹುಟ್ಟಿ ಕೊರಿಯ, ಜಪಾನುಗಳಿಗೆ ಹರಡಿತು. ಅಡ್ಡಲಾಗಿ 19, ಉದ್ದಕ್ಕೆ 19 ಗೆರೆಗಳು ಕೂಡುವ 361 ಸಂಧಿಗಳ ಮೇಲೆ ಇಬ್ಬರು ಕಪ್ಪು ಬಿಳಿಯ ಕಲ್ಲುಗಳನ್ನು ಒಂದೊಂದಾಗಿ ಇಡುತ್ತ, ಹೆಚ್ಚು ನೆಲವನ್ನು ಸುತ್ತುವರಿಯಲು ಯತ್ನಿಸುವರು. ನಮ್ಮ ಚದುರಂಗದಂತೆ ಇಲ್ಲಿ ರಾಜನಿಲ್ಲ, ಮಂತ್ರಿಯಿಲ್ಲ. ಇಟ್ಟ ಕಲ್ಲು ಕದಲುವುದೂ ಇಲ್ಲ. ನಿಯಮಗಳು ಅಲ್ಪ, ಆಳವು ಅಪಾರ.

17ನೆಯ ಶತಮಾನದಲ್ಲಿ ಜಪಾನಿನ ತೊಕುಗಾವ ಪ್ರಭುಗಳು ಈ ಆಟಕ್ಕೆ ವೃತ್ತಿಯನ್ನು ಕೊಟ್ಟು ಪೋಷಿಸಿದರು. ಹೊನಿನ್‌ಬೊ, ಇನೌಯೆ, ಯಾಸುಯಿ, ಹಯಾಶಿ ಎಂಬ ನಾಲ್ಕು ಮನೆತನಗಳು ಗುರುಪರಂಪರೆಗಳಾಗಿ ಬೆಳೆದವು. ಅವುಗಳಿಂದ ಮಹಾಪ್ರತಿಭರು ಹುಟ್ಟಿದರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಲಗೆಯ ಮೂಲೆಗಳಲ್ಲಿ ಆಡತಕ್ಕ ನಡೆಗಳ ಸರಣಿಗಳನ್ನು, ಅಂದರೆ ಜೋಸೆಕಿಗಳನ್ನು, ಶೋಧಿಸಿದ ಮನೆಯವರು ಕೆಲವನ್ನು ಹೊರಗಿನವರಿಗೆ ತಿಳಿಯಗೊಡದೆ ಆಯುಧದಂತೆ ಕಾಯ್ದಿಡುತ್ತಿದ್ದರು.

1835ರಲ್ಲಿ ಇಂಥದೊಂದು ಆಯುಧವು ಹೊರಬಂದಿತು. ಹೊನಿನ್‌ಬೊ ಮನೆಯ ಜೋವಾ ಎಂಬವನು ಆಗ ಮೇಜಿನ್ ಎಂಬ ಅತ್ಯುನ್ನತ ಪದವಿಯಲ್ಲಿದ್ದನು. ಅವನನ್ನು ಇಳಿಸಬೇಕೆಂಬ ಆಸೆಯಿಂದ ಇನೌಯೆ ಮನೆಯ ಗುರುವು ತನ್ನ ತರುಣ ಶಿಷ್ಯ ಅಕಾಬೊಶಿ ಇಂತೆತ್ಸುವನ್ನು ಮನೆಯ ಗೂಢನಡೆಯೊಡನೆ ಎದುರಿಗೆ ಕೂರಿಸಿದನು. ಮೊದಲಲ್ಲಿ ಶಿಷ್ಯನ ಕೈಯೇ ಮೇಲಾಯಿತು. ಆದರೆ ಜೋವಾ ಮೂರು ಅದ್ಭುತ ನಡೆಗಳಿಂದ ಆಟವನ್ನು ತಿರುಗಿಸಿ, ಹಲವು ದಿನಗಳ ಹೋರಾಟದ ತರುವಾಯ ಗೆದ್ದನು. ಸೋತ ಇಂತೆತ್ಸುವು ರಕ್ತವನ್ನು ಕಾರಿದನೆಂದೂ, ಸ್ವಲ್ಪ ಕಾಲದಲ್ಲೇ ತೀರಿಕೊಂಡನೆಂದೂ ಹೇಳುತ್ತಾರೆ. ಒಂದು ಮನೆಯ ಗುಟ್ಟಿನ ಭಾರವನ್ನೆಲ್ಲ ಒಬ್ಬ ತರುಣನ ಹೆಗಲ ಮೇಲೆ ಹೊರಿಸಿದುದನ್ನು ನೆನೆದರೆ ಮನಸ್ಸು ಮರುಗುತ್ತದೆ.

1868ರಲ್ಲಿ ತೊಕುಗಾವ ಪ್ರಭುತ್ವವು ಅಳಿದಾಗ ಮನೆತನಗಳ ಆಶ್ರಯವೂ ಹೋಯಿತು. 1879ರಲ್ಲಿ ಮುರಾಸೆ ಶೂಹೋ ಎಂಬ ಮಹಾಪಟುವು ಹೋಎನ್‌ಶಾ ಎಂಬ ಸಂಘವನ್ನು ಸ್ಥಾಪಿಸಿದನು. ಅವನಿಂದ ಕಲಿತ ಜರ್ಮನಿಯ ಓಸ್ಕರ್ ಕೋರ್ಷೆಲ್ಟನು ತನ್ನ ಭಾಷೆಯಲ್ಲಿ ಆಟವನ್ನು ವಿವರಿಸಿ ಯೂರೋಪಿಗೆ ಪರಿಚಯಿಸಿದನು. 1924ರಲ್ಲಿ ನಿಹೋನ್ ಕಿ-ಇನ್ ಸಂಸ್ಥೆಯು ಏರ್ಪಟ್ಟಿತು.

ಆಮೇಲಿನ ಹೆಜ್ಜೆ ಇನ್ನೂ ವಿಚಿತ್ರವಾದುದು. 1995ರಲ್ಲಿ ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮನು, ಓದುವವನೇ ತಿದ್ದಲೂ ಬರೆಯಲೂ ಬಲ್ಲ ವಿಕಿ ಎಂಬ ಅಂತರ್ಜಾಲದ ಪುಸ್ತಕಪದ್ಧತಿಯನ್ನು ಆರಂಭಿಸಿದನು. 2000ದಲ್ಲಿ ಗೋ ಆಟಗಾರರು ಅದೇ ಕ್ರಮದಲ್ಲಿ ‘ಸೆನ್ಸೈಸ್ ಲೈಬ್ರರಿ’, ಅಂದರೆ ಗುರುವಿನ ಗ್ರಂಥಾಲಯವನ್ನು ಕಟ್ಟತೊಡಗಿದರು. ಹೆಸರಿನಲ್ಲಿ ಗುರುವಿದ್ದರೂ ಬರೆಯುವವರು ನೂರಾರು ಮಂದಿ. ಅವರಲ್ಲಿ ನಿನ್ನೆ ಕಲಿತವನೂ ಉಂಟು.

ಕಂಡವರೆಲ್ಲ ಬರೆದರೆ ತಪ್ಪು ನುಸುಳದೇ ಎಂದು ನನಗೂ ಶಂಕೆ ಹುಟ್ಟಿತು. ಆದರೆ ತಾಳೆಗರಿಯ ಗ್ರಂಥಗಳನ್ನು ಬಲ್ಲವರು ಇದನ್ನೂ ಬಲ್ಲರು: ಒಂದೇ ಪ್ರತಿಯಿದ್ದರೆ ಲಿಪಿಕಾರನ ಪ್ರಮಾದವೇ ಶಾಸ್ತ್ರವಾಗುವುದು, ಹಲವು ಪ್ರತಿಗಳಿದ್ದರೆ ಪಾಠಾಂತರಗಳನ್ನು ತೂಗಿ ಶುದ್ಧಪಾಠವನ್ನು ಪಡೆಯಬಹುದು. 2016ರಲ್ಲಿ ಆಲ್ಫಾಗೋ ಎಂಬ ಯಂತ್ರವು ಕೊರಿಯದ ಲೀ ಸೆಡೋಲನನ್ನು ಐದರಲ್ಲಿ ನಾಲ್ಕು ಆಟ ಸೋಲಿಸಿದ ಮೇಲೆ, ಹಳೆಯ ಎಷ್ಟೋ ಜೋಸೆಕಿಗಳನ್ನು ಮತ್ತೆ ತೂಗಬೇಕಾಯಿತು. ಅಂಥ ಸಮಯದಲ್ಲಿ ತಿದ್ದಲು ತೆರೆದಿರುವ ಗ್ರಂಥವೇ ಬಾಳತಕ್ಕದ್ದು.

ಗುರುವು ಬೇಡವೆಂದು ನಾನು ಹೇಳಲಾರೆ. ಶಿಷ್ಯನ ಕೈಯನ್ನು ನೋಡಿ ತಿದ್ದುವ ಕಣ್ಣು ಯಾವ ಗ್ರಂಥಕ್ಕೂ ಇಲ್ಲ. ಆದರೂ ಇಂತೆತ್ಸುವಿನ ಆ ಆಟವನ್ನು ಇಂದು ಬಾಲಕನೊಬ್ಬನು ಮನೆಯಲ್ಲೇ ಕುಳಿತು ನಡೆನಡೆಯಾಗಿ ಅಭ್ಯಸಿಸಬಲ್ಲನು. ಗುಟ್ಟು ಹೋಯಿತು, ವಿದ್ಯೆ ಉಳಿಯಿತು.