ಮೊದಲ ಗಿಟಾರ್: ಅಗ್ಗದ ವಾದ್ಯವೊಂದರ ಚರಿತ್ರೆ



ರಾಜರ ಚರಿತ್ರೆಯನ್ನು ಓದುವಷ್ಟು ಶ್ರದ್ಧೆಯಿಂದ ನಾವು ವಸ್ತುಗಳ ಚರಿತ್ರೆಯನ್ನು ಓದುವುದಿಲ್ಲವೆಂದು ತರಗತಿಯಲ್ಲಿ ನಾನು ಆಗಾಗ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಒಂದು ಹಿಡಿ ಉಪ್ಪು, ಒಂದು ಚೀಲ ಮೆಣಸು, ಒಂದು ತಾನು ಬಟ್ಟೆ ಇವುಗಳ ಬೆನ್ನು ಹತ್ತಿ ಹೋದರೆ ಸಾಮ್ರಾಜ್ಯಗಳೇ ಎದುರಾಗುತ್ತವೆ. ಈ ಸಲ ನಾನು ಬೆನ್ನು ಹತ್ತಿರುವುದು ನನ್ನ ವಯಸ್ಸಿನವರು ಅಷ್ಟಾಗಿ ಮುಟ್ಟದ ಒಂದು ವಸ್ತುವನ್ನು: ಎಲೆಕ್ಟ್ರಿಕ್ ಗಿಟಾರನ್ನು.

ಇದಕ್ಕೆ ಕಾರಣವಿದೆ. ಈಚಿನ ದಿನಗಳಲ್ಲಿ ನನ್ನ ಮೂರು ನಾಲ್ಕು ಮಂದಿ ಹಳೆಯ ವಿದ್ಯಾರ್ಥಿಗಳು ಒಂದೇ ಪ್ರಶ್ನೆಯನ್ನು ಕೇಳಿದ್ದಾರೆ. "ಸಾರ್, ಮಕ್ಕಳು ಎಲೆಕ್ಟ್ರಿಕ್ ಗಿಟಾರ್ ಬೇಕೆಂದು ಹಟ ಹಿಡಿದಿದ್ದಾರೆ. ನಾಲ್ಕು ದಿನ ಬಾರಿಸಿ ಮೂಲೆಗಿಟ್ಟರೆ ದುಡ್ಡು ದಂಡ. ಅಗ್ಗದ್ದೊಂದು ಕೊಡಿಸಿದರೆ ಸಾಕಲ್ಲವೆ?" ನಾನು ಸಂಗೀತಗಾರನಲ್ಲ, ಅಕ್ಕ ನುಡಿಸುತ್ತಿದ್ದ ವೀಣೆಯನ್ನು ಕೇಳಿ ಬೆಳೆದವನು, ಅಷ್ಟೆ. ಆದರೆ ಈ ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ.

ಮೊದಲು ಈ ವಾದ್ಯ ಹುಟ್ಟಿದ ಬಗೆ. 1920ರ ದಶಕದ ಅಮೆರಿಕದಲ್ಲಿ ವಾದ್ಯವೃಂದಗಳು ದೊಡ್ಡವಾಗಿ, ಹಿತ್ತಾಳೆಯ ಊದುವಾದ್ಯಗಳ ಅಬ್ಬರದಲ್ಲಿ ಗಿಟಾರಿನ ದನಿ ಕೇಳಿಸದೇ ಹೋಗುತ್ತಿತ್ತು. ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬ್ಯೂಶಾಂಪ್ ಎಂಬ ವಾದಕ, ಅಡಾಲ್ಫ್ ರಿಕನ್‌ಬ್ಯಾಕರ್ ಎಂಬ ಲೋಹದ ಕೆಲಸದ ಉದ್ಯಮಿಯೊಡನೆ ಸೇರಿ, ಇದಕ್ಕೆ 1931ರಲ್ಲಿ ಒಂದು ಪರಿಹಾರವನ್ನು ಕಂಡುಕೊಂಡ. ಉಕ್ಕಿನ ತಂತಿಗಳ ಬಳಿ ಅಯಸ್ಕಾಂತವನ್ನೂ ತಾಮ್ರದ ತಂತಿಯ ಸುರುಳಿಯನ್ನೂ ಇಟ್ಟರೆ, ತಂತಿ ಕಂಪಿಸಿದಾಗ ಸುರುಳಿಯಲ್ಲಿ ಅತಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಆಂಪ್ಲಿಫೈಯರಿನಿಂದ ಹಿಗ್ಗಿಸಿದರೆ ದನಿ ಇಡೀ ಸಭಾಂಗಣವನ್ನು ತುಂಬುತ್ತದೆ. ತತ್ತ್ವ ಹೊಸದಲ್ಲ. ಸರಿಯಾಗಿ ನೂರು ವರ್ಷಗಳ ಹಿಂದೆ, 1831ರಲ್ಲಿ, ಮೈಕೆಲ್ ಫ್ಯಾರಡೆ ಲಂಡನ್ನಿನಲ್ಲಿ ತೋರಿಸಿಕೊಟ್ಟಿದ್ದುದೂ ಇದನ್ನೇ. ಬ್ಯೂಶಾಂಪನ ವಾದ್ಯ ಅಲ್ಯುಮಿನಿಯಮ್ಮಿನದು; ನೋಡಲು ಬಾಣಲೆಯಂತೆ ಇದ್ದುದರಿಂದ ಜನ ಅದನ್ನು 'ಫ್ರೈಯಿಂಗ್ ಪ್ಯಾನ್' ಎಂದೇ ಕರೆದರು. 1932ರಿಂದ ಅದು ಮಾರಾಟಕ್ಕೆ ಬಂದಿತು.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ವೀಣೆಯ ನಾದ ಹಲಸಿನ ಮರದ ಕೊಡದಿಂದ ಬರುತ್ತದೆ. ಮರ ಹಳೆಯದಿರಬೇಕು, ತೋಡುವ ಕೈ ಪಳಗಿರಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ದನಿಯನ್ನು ದೊಡ್ಡದು ಮಾಡುವ ಹೊರೆ ಟೊಳ್ಳಾದ ಒಡಲಿನ ಮೇಲಿಲ್ಲ. ಆದ್ದರಿಂದ ಒಂದು ಗಟ್ಟಿ ಹಲಗೆಯೂ ವಾದ್ಯವಾಗಬಲ್ಲುದು. ಅಗ್ಗದ ಗಿಟಾರಿನ ಚರಿತ್ರೆಯೆಲ್ಲ ಈ ಒಂದು ಸತ್ಯದಿಂದಲೇ ಹೊರಡುತ್ತದೆ.

ಆದರೆ ಅಗ್ಗವಾಗಲು ಕಾಲ ಹಿಡಿಯಿತು. 1936ರಲ್ಲಿ ಗಿಬ್ಸನ್ ಕಂಪನಿ ತಂದ ಇಎಸ್-150 ಎಂಬ ಗಿಟಾರಿನ ಹೆಸರಿನಲ್ಲಿರುವ ಸಂಖ್ಯೆ ಅದರ ಬೆಲೆಯ ಸೂಚನೆಯೇ ಆಗಿತ್ತು: ಆಂಪ್ಲಿಫೈಯರ್ ಮತ್ತಿತರ ಪರಿಕರಗಳೊಂದಿಗೆ ಸುಮಾರು 150 ಡಾಲರ್. ಕಾರ್ಖಾನೆಯ ಕೆಲಸಗಾರನಿಗೆ ಅದು ಹಲವು ವಾರಗಳ ವೇತನ. ಈ ಗಿಟಾರಿನಿಂದ ಚಾರ್ಲಿ ಕ್ರಿಶ್ಚಿಯನ್ ಎಂಬ ಕಪ್ಪು ಜನಾಂಗದ ತರುಣ ಜಾಝ್ ಸಂಗೀತದ ದಿಕ್ಕನ್ನೇ ಬದಲಿಸಿದ. 1942ರಲ್ಲಿ 25ರ ಪ್ರಾಯದಲ್ಲಿಯೇ ತೀರಿಕೊಂಡ.

ಮುಂದಿನ ಹೆಜ್ಜೆ ಇಟ್ಟವನು ಕ್ಯಾಲಿಫೋರ್ನಿಯದ ಫುಲರ್ಟನ್ ಊರಿನ ರೇಡಿಯೋ ರಿಪೇರಿಯವ ಲಿಯೋ ಫೆಂಡರ್. ಈತನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! 1950ರಲ್ಲಿ ಆತ ಹೊರತಂದು, 1951ರಲ್ಲಿ ಟೆಲಿಕ್ಯಾಸ್ಟರ್ ಎಂಬ ಹೆಸರು ಪಡೆದ ಗಿಟಾರಿಗೆ ಹಲಗೆಯ ಒಡಲು. ಅದಕ್ಕೆ ನಾಲ್ಕು ತಿರುಪುಗಳಿಂದ ಬಿಗಿದ ದಂಡಿ. ಕುಶಲಕರ್ಮಿಯೊಬ್ಬ ತಿಂಗಳುಗಟ್ಟಲೆ ಕೂತು ಕೆತ್ತುವ ಬದಲು, ಬಿಡಿಭಾಗಗಳನ್ನು ಬೇರೆ ಬೇರೆ ತಯಾರಿಸಿ ಜೋಡಿಸುವ ಕಾರ್ಖಾನೆಯ ವಿಧಾನ ವಾದ್ಯಕ್ಕೂ ಬಂದಿತು. ಇಂದು ಜಗತ್ತಿನಲ್ಲಿ ಮಾರಾಟವಾಗುವ ಅಗ್ಗದ ಗಿಟಾರುಗಳಲ್ಲಿ ಬಹುಪಾಲು, ಈತ ಮಾಡಿದ ಟೆಲಿಕ್ಯಾಸ್ಟರ್ ಅಥವಾ 1954ರ ಸ್ಟ್ರಾಟೊಕ್ಯಾಸ್ಟರ್ ಇವುಗಳ ಮಕ್ಕಳು, ಮೊಮ್ಮಕ್ಕಳೇ.

ಇನ್ನೂ ಅಗ್ಗ ಮಾಡಿದವನು ನ್ಯೂಜೆರ್ಸಿಯ ನೇಥನ್ ಡೇನಿಯಲ್. ಈತನ ಡೇನ್‌ಎಲೆಕ್ಟ್ರೋ ಕಂಪನಿ ಸೀಯರ್ಸ್ ಎಂಬ ದೊಡ್ಡ ಅಂಗಡಿಗಾಗಿ 'ಸಿಲ್ವರ್‌ಟೋನ್' ಹೆಸರಿನ ಗಿಟಾರುಗಳನ್ನು ಮಾಡಿಕೊಡುತ್ತಿತ್ತು. ಮರದ ಚೌಕಟ್ಟಿಗೆ ಮರದ ನಾರನ್ನು ಒತ್ತಿ ಮಾಡಿದ ಹಾರ್ಡ್‌ಬೋರ್ಡ್ ಹೊದಿಕೆ. ಪಿಕಪ್ಪಿಗೆ ಹೆಂಗಸರ ಲಿಪ್‌ಸ್ಟಿಕ್ಕಿನ ಲೋಹದ ಕೊಳವೆಯೇ ಕವಚ! 1962ರಲ್ಲಿ ಬಂದ ಒಂದು ಮಾದರಿಯಲ್ಲಂತೂ ಗಿಟಾರಿನ ಪೆಟ್ಟಿಗೆಯೊಳಗೇ ಆಂಪ್ಲಿಫೈಯರನ್ನು ಕೂರಿಸಿದ್ದರು. ಎರಡೂ ಸೇರಿ ಬೆಲೆ 70 ಡಾಲರಿಗಿಂತ ಕಡಿಮೆ. ಸೀಯರ್ಸ್ ಅಂಗಡಿಯ ಕ್ಯಾಟಲಾಗ್ ಹಳ್ಳಿಹಳ್ಳಿಗೂ ಹೋಗುತ್ತಿತ್ತು. ವರ್ಣಭೇದದ ಕಾನೂನುಗಳಿದ್ದ ದಕ್ಷಿಣದ ರಾಜ್ಯಗಳಲ್ಲಿ, ಅಂಗಡಿಯ ಬಾಗಿಲಲ್ಲಿ ಅವಮಾನ ನುಂಗಬೇಕಾಗಿದ್ದ ಕಪ್ಪು ಜನರಿಗೆ ಅಂಚೆಯಲ್ಲಿ ವಸ್ತು ತರಿಸಿಕೊಳ್ಳುವುದೆಂದರೆ ಏನೆಂಬುದನ್ನು ನಮ್ಮ ನಾಡಿನ ಚರಿತ್ರೆ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸಿಯಾಟಲ್ ನಗರದಲ್ಲಿ ಬಡತನದಲ್ಲಿ ಬೆಳೆದ ಜಿಮಿ ಹೆಂಡ್ರಿಕ್ಸ್‌ಗೆ ಅವನ ತಂದೆ 1959ರಲ್ಲಿ ಕೊಡಿಸಿದ ಮೊದಲ ಎಲೆಕ್ಟ್ರಿಕ್ ಗಿಟಾರ್ ಸುಪ್ರೋ ಎಂಬ ಕಡಿಮೆ ಬೆಲೆಯ ಕಂಪನಿಯದು. ಅದು ಬಲಗೈಯವರಿಗಾಗಿ ಮಾಡಿದ್ದು, ಹುಡುಗ ಎಡಚ. ತಿರುಗಿಸಿ ಹಿಡಿದು ನುಡಿಸಿದ. ಮುಂದೆ ಅವನು ಏನಾದನೆಂಬುದು ಲೋಕಕ್ಕೆ ಗೊತ್ತು.

ಸಮುದ್ರದಾಚೆಯ ಬ್ರಿಟನ್ನಿನ ಕಥೆ ಇನ್ನೊಂದು ಬಗೆಯದು. ಯುದ್ಧಾನಂತರ ಡಾಲರ್ ಕೊರತೆಯಿಂದ ಅಲ್ಲಿನ ಸರಕಾರ 1951ರಿಂದ 1959ರವರೆಗೆ ಅಮೆರಿಕದ ವಾದ್ಯಗಳ ಆಮದನ್ನು ತಡೆದಿತ್ತು. 'ಆಮದು ನಿರ್ಬಂಧ' ಎಂಬ ಪದವನ್ನು ಬಾಯಿಪಾಠ ಮಾಡಿದ ನಿಮಗೆ ಅದರ ಫಲ ಇಲ್ಲಿ ಕಾಣುತ್ತದೆ. ಲಿವರ್‌ಪೂಲಿನ ಜಾರ್ಜ್ ಹ್ಯಾರಿಸನ್ ನುಡಿಸಿದ್ದು ಝೆಕೊಸ್ಲೊವಾಕಿಯದಲ್ಲಿ ತಯಾರಾದ 'ಫ್ಯೂಚುರಾಮ'ವನ್ನು. ನಿರ್ಬಂಧ ತೆರವಾದರೂ ಬೆಲೆ ಇಳಿಯಲಿಲ್ಲ: ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗಿನಲ್ಲಿ ಕೊಂಡದ್ದು ಸುಮಾರು 30 ಪೌಂಡಿನ ಜರ್ಮನ್ ಹಾಫ್ನರ್ ಬೇಸ್ ಗಿಟಾರನ್ನು, ಏಕೆಂದರೆ ಫೆಂಡರಿನ ಬೆಲೆ ಕೈಗೆಟುಕುತ್ತಿರಲಿಲ್ಲ. ಬೀಟಲ್ಸ್ ತಂಡದ ಗುರುತೇ ಆಗಿಹೋದ ಆ ಪಿಟೀಲಿನಾಕಾರದ ವಾದ್ಯ, ಬಡತನದ ಆಯ್ಕೆಯಾಗಿತ್ತು!

ನನಗೆ ಎಲ್ಲಕ್ಕಿಂತ ಪ್ರಿಯವಾದುದು ಬ್ರಯನ್ ಮೇ ಎಂಬ ಹುಡುಗನ ಕಥೆ. 1963ರಲ್ಲಿ ಫೆಂಡರ್ ಕೊಳ್ಳಲಾಗದ ಈ ಶಾಲಾಬಾಲಕ, ಎಲೆಕ್ಟ್ರಾನಿಕ್ಸ್ ಬಲ್ಲ ತನ್ನ ತಂದೆಯೊಡನೆ ಕುಳಿತು ಸುಮಾರು ಎರಡು ವರ್ಷ ಶ್ರಮಿಸಿ ಗಿಟಾರನ್ನು ಮನೆಯಲ್ಲಿಯೇ ಮಾಡಿಕೊಂಡ. ದಂಡಿಗೆ ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರ, ಗುರುತಿನ ಚುಕ್ಕೆಗಳಿಗೆ ತಾಯಿಯ ಹೊಲಿಗೆಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು, ಒಳಗೆ ಹಳೆಯ ಮೋಟಾರ್ ಸೈಕಲಿನ ಸ್ಪ್ರಿಂಗುಗಳು. ಮುಂದೆ 'ಕ್ವೀನ್' ತಂಡದಲ್ಲಿ ಜಗತ್ತನ್ನೆಲ್ಲ ಸುತ್ತುವಾಗಲೂ ಆತ ಅದನ್ನೇ ನುಡಿಸಿದ. 2007ರಲ್ಲಿ ಖಭೌತ ಶಾಸ್ತ್ರದಲ್ಲಿ ಡಾಕ್ಟರೇಟನ್ನೂ ಪಡೆದ. ಓದು ಹಾಳಾಗುತ್ತದೆಂದು ಗಿಟಾರನ್ನು ಅಡಗಿಸಿಡುವ ತಂದೆತಾಯಿಗಳು ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಲಿ.

ಮುಂದಿನ ಅಧ್ಯಾಯ ಏಷ್ಯಾದ್ದು. 1970ರ ದಶಕದಲ್ಲಿ ಜಪಾನಿನ ಕಾರ್ಖಾನೆಗಳು ಅಮೆರಿಕದ ಗಿಟಾರುಗಳ ಪಡಿಯಚ್ಚುಗಳನ್ನು ಎಷ್ಟು ಚೆನ್ನಾಗಿ ಮಾಡತೊಡಗಿದವೆಂದರೆ, 1977ರಲ್ಲಿ ಗಿಬ್ಸನ್ನಿನ ಒಡೆತನದ ಸಂಸ್ಥೆ ಐಬನೆಝ್ ಗಿಟಾರುಗಳ ಅಮೆರಿಕದ ವಿತರಕರ ಮೇಲೆ ಮೊಕದ್ದಮೆ ಹೂಡಿತು. ಫೆಂಡರ್ ಬೇರೆ ದಾರಿ ಹಿಡಿಯಿತು: 1982ರಲ್ಲಿ ಜಪಾನಿನ ಮತ್ಸುಮೊಟೊದ ಫ್ಯೂಜಿಜೆನ್ ಕಾರ್ಖಾನೆಯಲ್ಲಿಯೇ ತನ್ನ ಅಗ್ಗದ ಗಿಟಾರುಗಳನ್ನು 'ಸ್ಕ್ವಾಯರ್' ಎಂಬ ಹೆಸರಿನಲ್ಲಿ ಮಾಡಿಸತೊಡಗಿತು. 1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ಬೆಲೆ ಏರಿತು. ಮೂರು ವರ್ಷಗಳಲ್ಲಿ ಡಾಲರಿಗೆದುರಾಗಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಕೂಡಲೇ ಕೆಲಸ ಕೊರಿಯಾಕ್ಕೆ, ಅಲ್ಲಿ ಕೂಲಿ ಏರಿದಾಗ ಇಂಡೋನೇಷ್ಯಾಕ್ಕೆ, ಚೀನಾಕ್ಕೆ ಸರಿಯಿತು. ಕಂಪ್ಯೂಟರ್ ನಿಯಂತ್ರಿತ ಕೊರೆಯುವ ಯಂತ್ರಗಳು ಬಂದ ಮೇಲಂತೂ ಅಗ್ಗದ ಗಿಟಾರಿನ ದಂಡಿಯೂ ಅಳತೆ ತಪ್ಪದೆ ಬರತೊಡಗಿತು.

ಈ ಸರಿದಾಟಕ್ಕೆ ಬೆಲೆ ತೆತ್ತವರೂ ಇದ್ದಾರೆ. ಕೊರಿಯಾದ ಕಾರ್ಟ್ ಕಂಪನಿ 2007ರಿಂದ ತನ್ನ ದೇಶದ ಕಾರ್ಖಾನೆಗಳನ್ನು ಮುಚ್ಚತೊಡಗಿದಾಗ ಕೆಲಸ ಕಳೆದುಕೊಂಡವರು ಹೋರಾಟಕ್ಕಿಳಿದರು. ಅದು ಒಪ್ಪಂದದಲ್ಲಿ ಮುಗಿದದ್ದು 2019ರಲ್ಲಿ. ಅಗ್ಗದ ವಸ್ತುವನ್ನು ಕೈಯಲ್ಲಿ ಹಿಡಿದಾಗ, ಅದು ಯಾರಿಗೆ ತುಟ್ಟಿಯಾಯಿತೆಂದೂ ನೆನೆಯಬೇಕು.

ನಮ್ಮ ಮಲೆನಾಡಿಗೂ ಇದರ ಎಳೆ ತಾಗಿದೆ. ತಂತಿಗಳ ಕೆಳಗೆ ಬೆರಳೂರುವ ಕಪ್ಪು ಹಲಗೆಗೆ ಮೊದಲು ಬ್ರೆಜಿಲಿನ ರೋಸ್‌ವುಡ್ ಬಳಸುತ್ತಿದ್ದರು. 1960ರ ದಶಕದಲ್ಲಿ ಅದು ದುರ್ಲಭವಾದಾಗ ತಯಾರಕರು ತಿರುಗಿದ್ದು ಭಾರತದ ರೋಸ್‌ವುಡ್ಡಿನತ್ತ, ಎಂದರೆ ನಮ್ಮ ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಬೀಟೆಯತ್ತ. 2017ರ ಜನವರಿಯಿಂದ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣ ಬಂದಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತಾದರೂ, ಅಷ್ಟರಲ್ಲಿ ಅಗ್ಗದ ಗಿಟಾರುಗಳು 'ಇಂಡಿಯನ್ ಲಾರೆಲ್' ಎಂಬ ಮರಕ್ಕೆ ಒಗ್ಗಿಕೊಂಡಿದ್ದವು. ಆ ಇಂಡಿಯನ್ ಲಾರೆಲ್ ಬೇರೆ ಯಾವುದೂ ಅಲ್ಲ, ನಮ್ಮ ಮತ್ತಿ ಮರ!

ಇನ್ನು ಮೂಲ ಪ್ರಶ್ನೆ. ನನ್ನ ತಂಗಿಯ ಮೊಮ್ಮಗಳೊಬ್ಬಳಿದ್ದಾಳೆ. ಅವಳಿಗೆ ಹಿಂದೊಮ್ಮೆ ಬಂಧುಗಳೊಬ್ಬರು ಪ್ರೀತಿಯಿಂದ ಅತಿ ಅಗ್ಗದ ಗಿಟಾರೊಂದನ್ನು ತಂದುಕೊಟ್ಟಿದ್ದರು. ದಂಡಿ ಬಾಗಿ, ತಂತಿಗಳು ಎತ್ತರದಲ್ಲಿದ್ದುದರಿಂದ ಒತ್ತಿ ಒತ್ತಿ ಬೆರಳು ಬೊಬ್ಬೆ ಬರುತ್ತಿತ್ತು. ಶ್ರುತಿ ಮಾಡಿದರೆ ಹತ್ತು ನಿಮಿಷವೂ ನಿಲ್ಲುತ್ತಿರಲಿಲ್ಲ. ಆರು ತಿಂಗಳಾದ ಮೇಲೆ ಅವಳು, "ಅಜ್ಜ, ನನಗೆ ಸಂಗೀತ ಬರೋದಿಲ್ಲ, ಬಿಡಿ" ಎಂದಳು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಈ ಮಾತು ಚಿರಪರಿಚಿತ. "ನನಗೆ ಗಣಿತ ಬರೋದಿಲ್ಲ ಸಾರ್" ಎಂದವರಲ್ಲಿ ಎಷ್ಟು ಮಂದಿಗೆ ನಿಜವಾಗಿ ಬಾರದೇ ಇದ್ದದ್ದು ಒಳ್ಳೆಯ ಪುಸ್ತಕ! ವಾದ್ಯದ ದೋಷವನ್ನು ಮಗು ತನ್ನ ದೋಷವೆಂದು ತಿಳಿಯುತ್ತದೆ. ನಷ್ಟವೆಂದರೆ ಅದು, ನಾಲ್ಕು ಸಾವಿರ ರೂಪಾಯಿಯಲ್ಲ.

ಚಿಕ್ಕಮಕ್ಕಳಿಗೆ ಮನೆಪಾಠ ಹೇಳಿ ಅವಳು ಕೂಡಿಟ್ಟ 18,000 ರೂಪಾಯಿಯೊಂದಿಗೆ ಕಳೆದ ವರ್ಷ ನಾವು ಅಂಗಡಿಗೆ ಹೋದೆವು. ಗಿಟಾರ್ ಕಲಿಸುವ ತರುಣರೊಬ್ಬರನ್ನೂ ಜೊತೆಗೆ ಕರೆದೊಯ್ದೆವು. ಅಲ್ಲಿ ಕಲಿತದ್ದನ್ನು ನಿಮಗಾಗಿ ಬರೆಯುತ್ತೇನೆ.

ಮೊದಲನೆಯದು, ಹಣವನ್ನೆಲ್ಲ ಗಿಟಾರಿಗೇ ಸುರಿಯಬಾರದು. ಮೂರರಲ್ಲಿ ಎರಡು ಪಾಲು ಗಿಟಾರಿಗೆ; ಉಳಿದುದರಲ್ಲಿ ಸಣ್ಣ ಆಂಪ್ಲಿಫೈಯರ್, ಕೇಬಲ್, ಶ್ರುತಿ ನೋಡುವ ಟ್ಯೂನರ್. ಹೆಡ್‌ಫೋನ್ ಹಾಕಿಕೊಳ್ಳುವ ಸೌಲಭ್ಯವಿದ್ದರೆ ನೆರೆಹೊರೆಯ ಸ್ನೇಹವೂ ಉಳಿಯುತ್ತದೆ.

ಎರಡನೆಯದು, ದಂಡಿಯನ್ನು ಕಣ್ಣಿಗೆ ಹಿಡಿದು ಬಡಗಿ ರೀಪು ನೋಡುವಂತೆ ಉದ್ದಕ್ಕೂ ನೋಡಿರಿ, ಅದು ತಿರುಚಿರಬಾರದು. ಫ್ರೆಟ್‌ಗಳೆಂದರೆ ವೀಣೆಯ ಮೆಟ್ಟಿಲುಗಳಿದ್ದಂತೆ. ಅಂಚಿನ ಮೇಲೆ ಕೈಯಾಡಿಸಿದರೆ ಅವು ಚುಚ್ಚಬಾರದು.

ಮೂರನೆಯದು, ತಂತಿಯನ್ನು ಬಿಡಿಯಾಗಿ ಮೀಟಿರಿ. ಮತ್ತೆ ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ಮೀಟಿರಿ. ಎರಡನೆಯದು ಮೇಲಿನ ಸ್ಥಾಯಿಯ ಅದೇ ಸ್ವರವಾಗಿರಬೇಕು. ತಂತಿಗಳು ತೀರ ಎತ್ತರದಲ್ಲಿದ್ದರೆ ಅಂಗಡಿಯವರಿಂದಲೇ ತಗ್ಗಿಸಿಕೊಳ್ಳಿರಿ. ಬಿರಡೆಗಳು ಸಡಿಲವಿರಬಾರದು.

ನಾಲ್ಕನೆಯದು, ತಂತಿಗಳನ್ನು ಅಲುಗಿಸುವ ಸನ್ನೆಯಿರುವ ಗಿಟಾರುಗಳು ಆಕರ್ಷಕವಾದರೂ, ಅಗ್ಗದವುಗಳಲ್ಲಿ ಶ್ರುತಿ ಬೇಗ ಕೆಡುತ್ತದೆ. ಕಲಿಯುವವರಿಗೆ ಕದಲದ ಬ್ರಿಜ್ ಇರುವುದೇ ಲೇಸು.

ಐದನೆಯದು, ಬಣ್ಣವನ್ನು ಮಗುವೇ ಆರಿಸಲಿ. ಕಣ್ಣಿಗೆ ಹಿತವಾದ ವಾದ್ಯವನ್ನು ಕೈ ತಾನಾಗಿಯೇ ಎತ್ತಿಕೊಳ್ಳುತ್ತದೆ.

ಹಾಗಾದರೆ ಅಗ್ಗದ್ದು ಸಾಕೆ? ಚರಿತ್ರೆ ಹೇಳುವುದಿಷ್ಟು: ಹೆಂಡ್ರಿಕ್ಸನಿಗೂ ಹ್ಯಾರಿಸನ್ನನಿಗೂ ಅಗ್ಗದ್ದೇ ಸಾಕಾಯಿತು, ಆದರೆ ಅವು ಅಗ್ಗವಾಗಿದ್ದರೂ ವಾದ್ಯಗಳಾಗಿದ್ದವು, ಆಟಿಕೆಗಳಲ್ಲ. ಅಗ್ಗಕ್ಕೂ ಕಳಪೆಗೂ ಇರುವ ಅಂತರವನ್ನು ತಿಳಿದುಕೊಳ್ಳುವುದು ಹಿರಿಯರ ಕೆಲಸ. ನುಡಿಸುವುದು ಮಕ್ಕಳ ಕೆಲಸ. ಮೂಲೆ ಸೇರಿದರೂ ಚಿಂತೆಯಿಲ್ಲ. ಒಳ್ಳೆಯ ಮಾದರಿಯಾದರೆ ಇನ್ನೊಂದು ಮನೆಯ ಮಗುವಿಗೆ ಅರ್ಧ ಬೆಲೆಗೆ ಸಲ್ಲುತ್ತದೆ, ಅಲ್ಲಿ ಇನ್ನೊಬ್ಬರ ಮೊದಲ ಗಿಟಾರ್ ಆಗುತ್ತದೆ.

ನಿಮ್ಮಲ್ಲಿ ಯಾರಾದರೂ ಮನೆಯಲ್ಲಿ ಗಿಟಾರನ್ನೋ ಪಿಟೀಲನ್ನೋ ಹಾರ್ಮೋನಿಯಮ್ಮನ್ನೋ ಬಳಸದೆ ಇಟ್ಟಿದ್ದರೆ ನನಗೆ ಬರೆದು ತಿಳಿಸಿ. ಅದಕ್ಕಾಗಿ ಕಾಯುತ್ತಿರುವ ಮಕ್ಕಳನ್ನು ನಾನು ಬಲ್ಲೆ.