ಬೆಲೆಯೇರಿಕೆ: ಯಾರ ಬುಟ್ಟಿಯ ಲೆಕ್ಕ?

ವಸ್ತಾರೆ, ಆಲ್ದೂರು ಸುತ್ತಿನ ಕಾಫಿ ತೋಟಗಳ ಕಾರ್ಮಿಕರಿಗೆ ಹಣದುಬ್ಬರವೆಂದರೆ ಬಟವಾಡೆಯ ಹಣಕ್ಕೆ ಸಂತೆಯಲ್ಲಿ ಎಷ್ಟು ಅಕ್ಕಿ, ಎಷ್ಟು ಬೇಳೆ ಬರುತ್ತದೆ ಎಂಬ ಲೆಕ್ಕ. ಈ ಲೆಕ್ಕವನ್ನು ಸರ್ಕಾರವೂ ಒಮ್ಮೆ ಇಲ್ಲಿಂದಲೇ ಬರೆದುಕೊಂಡಿತ್ತು. 1958–59ರಲ್ಲಿ ದೇಶದ 50 ಕೇಂದ್ರಗಳಲ್ಲಿ ಕಾರ್ಮಿಕ ಕುಟುಂಬಗಳ ಖರ್ಚುವೆಚ್ಚದ ಸಮೀಕ್ಷೆ ನಡೆಯಿತು. ಅವುಗಳಲ್ಲಿ 32 ಕಾರ್ಖಾನೆ, 8 ಗಣಿ ಮತ್ತು 10 ತೋಟದ ಕೇಂದ್ರಗಳು. ತೋಟದ ಕೇಂದ್ರಗಳ ಪೈಕಿ ಎರಡು ಕರ್ನಾಟಕದವು: ಚಿಕ್ಕಮಗಳೂರು ಮತ್ತು ಕೊಡಗಿನ ಅಮ್ಮತ್ತಿ.

ಪ್ರತಿ ಕೇಂದ್ರದ 1960ರ ಬೆಲೆಮಟ್ಟವನ್ನು 100 ಎಂದಿಟ್ಟುಕೊಂಡು ಸೂಚ್ಯಂಕ ಲೆಕ್ಕ ಹಾಕಲಾಯಿತು. ಓದುಗರು ಎಡವುವುದು ಇಲ್ಲಿಯೇ. ಒಂದು ಊರಿನಲ್ಲಿ ಸೇರು ಅಕ್ಕಿ ಒಂದು ರೂಪಾಯಿಯಿಂದ ಎರಡಕ್ಕೂ, ಇನ್ನೊಂದರಲ್ಲಿ ಎರಡರಿಂದ ಮೂರಕ್ಕೂ ಏರಿತೆನ್ನಿ. ಸೂಚ್ಯಂಕ ಮೊದಲನೆಯದರಲ್ಲಿ 200, ಎರಡನೆಯದರಲ್ಲಿ 150. ಆದರೂ ಅಕ್ಕಿ ತುಟ್ಟಿಯಾಗಿರುವುದು ಎರಡನೆಯ ಊರಿನಲ್ಲಿ. ಸೂಚ್ಯಂಕ ಹೇಳುವುದು ಬೆಲೆ ಏರಿದ ವೇಗವನ್ನು, ಬದುಕಿನ ದುಬಾರಿತನವನ್ನಲ್ಲ.

ದೇಶ ದೇಶಗಳ ಹೋಲಿಕೆಗೂ ಇದೇ ಮಾತು ಅನ್ವಯಿಸುತ್ತದೆ. ಯುರೋಪಿಗೆ ಇದು ಬರೀ ಕುತೂಹಲದ ವಿಷಯವಾಗಿರಲಿಲ್ಲ. 1992ರಲ್ಲಿ ಸಹಿಯಾದ ಮಾಸ್ಟ್ರಿಕ್ಟ್ ಒಪ್ಪಂದದಂತೆ, ಒಂದೇ ನಾಣ್ಯ ಬಯಸುವ ದೇಶದ ಹಣದುಬ್ಬರ, ಬೆಲೆಸ್ಥಿರತೆಯಲ್ಲಿ ಅತ್ಯುತ್ತಮವಾದ ಮೂರು ದೇಶಗಳ ದರಕ್ಕಿಂತ ಶೇ 1.5 ಅಂಶಕ್ಕಿಂತ ಹೆಚ್ಚಿರಕೂಡದು. ಅಳತೆಗೋಲು ಒಂದೇ ಆಗದೆ ಇಂಥ ಪರೀಕ್ಷೆ ಸಾಧ್ಯವೇ? ಆದ್ದರಿಂದಲೇ 1997ರಿಂದ ಅಲ್ಲಿ ಸಮಾನ ವಿಧಾನದ ಸೂಚ್ಯಂಕ ಬಂತು. ಇಡೀ ಏಷ್ಯಾ ಖಂಡವನ್ನು ಕಟ್ಟುವ ಅಂಥ ನಿಯಮವಿಲ್ಲ. ಭಾರತದ 2012 ಆಧಾರದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ–ಪಾನೀಯಗಳ ಪಾಲು ಶೇ 45.86; ಜಪಾನಿನ 2020 ಆಧಾರದ ಸೂಚ್ಯಂಕದಲ್ಲಿ ಆಹಾರದ ಪಾಲು ಸುಮಾರು ಕಾಲುಭಾಗ. ಆಹಾರದ ಬೆಲೆ ಎರಡೂ ಕಡೆ ಒಂದೇ ಪ್ರಮಾಣದಲ್ಲಿ ಏರಿದರೂ ಹಣದುಬ್ಬರದ ಅಂಕಿ ಒಂದೇ ಆಗದು.

ಬುಟ್ಟಿ ಕಾಲಕ್ಕೆ ತಕ್ಕಂತೆಯೂ ಬದಲಾಗುತ್ತದೆ. ಕೈಗಾರಿಕಾ ಕಾರ್ಮಿಕರ ಅಖಿಲ ಭಾರತ ಸೂಚ್ಯಂಕದಲ್ಲಿ ಆಹಾರದ ಪಾಲು 1960ರ ಮಾಲಿಕೆಯಲ್ಲಿ ಶೇ 60.9 ಇದ್ದದ್ದು, 1982ರದರಲ್ಲಿ 57, 2001ರದರಲ್ಲಿ 46.2, 2016ರದರಲ್ಲಿ 39.17ಕ್ಕೆ ಇಳಿಯಿತು. ಮನೆಬಾಡಿಗೆ, ಶಿಕ್ಷಣ, ಆಸ್ಪತ್ರೆ ಖರ್ಚು ಬೆಳೆದಂತೆ ಇದು ಸಹಜವೇ. ಆದರೆ ಲೈನ್‌ಮನೆಯಲ್ಲಿದ್ದು ಕೂಲಿಯ ಹೆಚ್ಚಿನ ಭಾಗವನ್ನು ಊಟಕ್ಕೇ ಸುರಿಯುವ ಕುಟುಂಬಕ್ಕೆ, ಅಕ್ಕಿ–ಬೇಳೆ ತುಟ್ಟಿಯಾದ ವರ್ಷ ಸರಾಸರಿಯ ಅಂಕಿ ತನ್ನ ಕಷ್ಟಕ್ಕಿಂತ ಚಿಕ್ಕದಾಗಿ ಕಾಣುತ್ತದೆ.

1988ರಲ್ಲಿ 1982 ಆಧಾರದ ಮಾಲಿಕೆ ಜಾರಿಗೆ ಬಂದಾಗ ಕೇಂದ್ರಗಳು 70 ಆದವು. ಕಾಫಿ ಸೀಮೆಯ ಪರವಾಗಿ ಪಟ್ಟಿಯಲ್ಲಿದ್ದದ್ದು ಮಡಿಕೇರಿ. ಚಿಕ್ಕಮಗಳೂರಿನ ಹೆಸರು ಬಿಟ್ಟುಹೋಗಿತ್ತು. ಕನಿಷ್ಠ ಕೂಲಿಯ ತುಟ್ಟಿಭತ್ಯೆ ಏರುವುದು ಸೂಚ್ಯಂಕದ ಬೆನ್ನು ಹಿಡಿದು. ಹಾಗಾಗಿ ಬುಟ್ಟಿಯಲ್ಲಿ ಏನಿದೆ, ಬೆಲೆ ಬರೆದುಕೊಂಡದ್ದು ಯಾವ ಸಂತೆಯಲ್ಲಿ ಎಂಬ ಪ್ರಶ್ನೆ ಅರ್ಥಶಾಸ್ತ್ರಜ್ಞರಿಗೆ ಮಾತ್ರ ಸೇರಿದ್ದಲ್ಲ, ಕೂಲಿ ಎಣಿಸಿಕೊಳ್ಳುವ ಕೈಗೂ ಸೇರಿದ್ದು.